ಭೀಮನ ಬಳಗದ ಕಣ್ಣಲ್ಲಿ ಡೋರೇಮಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರು ತಾಲ್ಲೂಕಿನ ನಮ್ಮ ಊರಿನ ಗ್ರಂಥಾಲಯದಲ್ಲಿ ಬೇಸಿಗೆ ರಜೆಯ ದಿನಗಳಲ್ಲಿ ನಾನು ಮಕ್ಕಳಿಗೆ ಬರವಣಿಗೆಯ ಅಭ್ಯಾಸ ಮಾಡಿಸುತ್ತೇನೆ. ಒಂದು ಕಾರ್ಟೂನಿನ ನಾಯಕರು ಮತ್ತೊಂದು ಕಾರ್ಟೂನಿನ ಪಾತ್ರವನ್ನು ಕಂಡರೆ ಏನೆಂದುಕೊಳ್ಳುತ್ತಾರೆ ಎಂದು ಊಹಿಸಿ ಬರೆಯುವುದು ಮಕ್ಕಳು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ಅಭ್ಯಾಸ. ಅದರಲ್ಲಿಯೂ ಧೋಲಕ್‌ಪುರದ ಛೋಟಾ ಭೀಮ್ ಮತ್ತು ಅವನ ಗೆಳೆಯರು ಡೋರೇಮಾನ್‌ನನ್ನು ಹೇಗೆ ನೋಡಿಯಾರು ಎಂಬ ಒಂದೇ ವಿಷಯದ ಬಗ್ಗೆ ಮಕ್ಕಳೂ ಅವರ ತಂದೆತಾಯಿಯರೂ ನನ್ನನ್ನು ಬಹಳ ಸಲ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇಷ್ಟೊಂದು ಕಾರ್ಟೂನುಗಳಿರುವಾಗ ಈ ಎರಡನ್ನೇ ಏಕೆ ಆರಿಸಿಕೊಳ್ಳಬೇಕು?

ಎರಡನ್ನೂ ನಮ್ಮ ಮಕ್ಕಳು ಚೆನ್ನಾಗಿ ಬಲ್ಲರು ಎಂಬುದು ಮೊದಲ ಕಾರಣ. ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯ ರಾಜೀವ್ ಚಿಲಕ ಅವರು ರೂಪಿಸಿದ ಛೋಟಾ ಭೀಮ್ 2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾಯಿತು. ಭವಿಷ್ಯದಿಂದ ಬಂದ ನೀಲಿ ಯಂತ್ರಬೆಕ್ಕಾದ ಡೋರೇಮಾನ್ ಅದಕ್ಕಿಂತ ಬಹಳ ಹಳಬ. ಜಪಾನಿನ ಫುಜಿಕೊ ಎಫ್. ಫುಜಿಯೊ ಅವರ ಕೈಯಲ್ಲಿ 1969ರ ಡಿಸೆಂಬರಿನಲ್ಲಿ ಚಿತ್ರಕಥೆಯಾಗಿ ಹುಟ್ಟಿ, ಆಮೇಲೆ ದೂರದರ್ಶನಕ್ಕೆ ಬಂದವನು.

ಎರಡನೆಯ ಕಾರಣ ಹೆಚ್ಚು ಮುಖ್ಯವಾದುದು. ಭೀಮನ ಬಲವೆಲ್ಲ ಅವನ ತೋಳಿನಲ್ಲಿದೆ. ಡೋರೇಮಾನ್‌ನ ಬಲವೆಲ್ಲ ಅವನ ಹೊಟ್ಟೆಯ ಮೇಲಿನ, ಬಗೆಬಗೆಯ ಉಪಕರಣಗಳು ಹೊರಬರುವ ಜೇಬಿನಲ್ಲಿದೆ. ಭೀಮನು ಇಡೀ ಊರನ್ನು ಕಾಯುತ್ತಾನೆ. ಡೋರೇಮಾನ್ ಒಂದು ಮನೆಯಲ್ಲಿ ಉಳಿದುಕೊಂಡು ನೊಬಿತಾ ಎಂಬ ಒಬ್ಬನೇ ಒಬ್ಬ ಹುಡುಗನನ್ನು ಕಾಯುತ್ತಾನೆ. ಹೀಗೆ ಕಾಯುವ ಕೆಲಸವನ್ನೇ ಎರಡು ಬಗೆಯಲ್ಲಿ ಮಾಡುವವರು ಒಬ್ಬರನ್ನೊಬ್ಬರು ನೋಡಿದಾಗ ಏನು ಕಾಣುತ್ತದೆ ಎಂಬುದೇ ನಮ್ಮ ಕುತೂಹಲ.

ರಾಜರ ಕಾಲದ ಧೋಲಕ್‌ಪುರಕ್ಕೂ ಜಪಾನಿನ ಪಟ್ಟಣಕ್ಕೂ ಸಂಬಂಧವೇ ಇಲ್ಲವಲ್ಲ, ಭೇಟಿ ಆಗುವುದು ಹೇಗೆ?

ಕಥೆಯೇ ಇದಕ್ಕೆ ದಾರಿ ಮಾಡಿಕೊಟ್ಟಿದೆ. ನೊಬಿತಾನ ಓದುವ ಮೇಜಿನ ಡ್ರಾಯರಿನಲ್ಲಿ ಕಾಲಯಂತ್ರವಿದೆ, ಡೋರೇಮಾನ್‌ನ ಜೇಬಿನಲ್ಲಿ ತೆರೆದರೆ ಬೇಕಾದ ಕಡೆಗೆ ಕಾಲಿಡಬಹುದಾದ ಬಾಗಿಲಿದೆ. ರಾಜ ಇಂದ್ರವರ್ಮನ ಅರಮನೆಯ ಅಂಗಳದಲ್ಲಿ ಆ ಬಾಗಿಲು ತೆರೆದುಕೊಂಡಿತು ಎಂದು ಬರೆದರೆ ಸಾಕು. ಭೇಟಿ ಹೇಗಾಯಿತು ಎಂಬುದಕ್ಕೆ ಎರಡು ಪುಟ ಬರೆಯುವ ಮಕ್ಕಳು ಭೇಟಿಯ ಹೊತ್ತಿಗೆ ದಣಿದುಬಿಟ್ಟಿರುತ್ತಾರೆ.

ಮೊದಲ ನೋಟಕ್ಕೆ ಭೀಮನು ಡೋರೇಮಾನ್‌ನನ್ನು ಏನೆಂದುಕೊಳ್ಳುತ್ತಾನೆ?

ಸುಮಾರು ಎಲ್ಲ ಮಕ್ಕಳೂ ಮೊದಲು ಬರೆಯುವುದು ‘ರಾಕ್ಷಸ ಎಂದುಕೊಂಡು ಹೊಡೆಯಲು ಹೋಗುತ್ತಾನೆ’ ಎಂದು. ನಾನು ಇದನ್ನು ಒಪ್ಪುವುದಿಲ್ಲ. ಧೋಲಕ್‌ಪುರದಲ್ಲಿ ಜಗ್ಗು ಎಂಬ ಕೋತಿ ಮಾತನಾಡುತ್ತದೆ, ಭೀಮನ ಬಳಗದಲ್ಲಿ ಎಲ್ಲರಂತೆ ಓಡಾಡಿಕೊಂಡಿದೆ. ಆದ್ದರಿಂದ ಮಾತನಾಡುವ ಬೆಕ್ಕೊಂದು ಎದುರಿಗೆ ಬಂದರೆ ಭೀಮನಿಗೆ ಅಚ್ಚರಿಯಾದೀತೇ ಹೊರತು ಭಯವಾಗಲು ಕಾರಣವಿಲ್ಲ. ಮೇಲಾಗಿ, ಊರಿಗೆ ಹೊಸದಾಗಿ ಬಂದವರ ಮೇಲೆ ಕೈ ಎತ್ತುವುದು ಅವನ ಸ್ವಭಾವವಲ್ಲ. ಅವರು ಯಾರಿಗಾದರೂ ತೊಂದರೆ ಕೊಟ್ಟ ಮೇಲೆಯೇ ಅವನು ಮುಂದೆ ಬರುವುದು.

ಭೀಮನು ಪೈಲ್ವಾನ. ಆದ್ದರಿಂದ ಎದುರಿನವನ ಮೈಕಟ್ಟನ್ನು ಅಳೆದು ನೋಡುವುದು ಅವನಿಗೆ ತಾನಾಗಿಯೇ ಬಂದ ಅಭ್ಯಾಸ. ಡೋರೇಮಾನ್‌ನ ಎತ್ತರ 129.3 ಸೆಂಟಿಮೀಟರ್, ತೂಕ 129.3 ಕಿಲೊ. ಸುಮಾರು ನಾಲ್ಕನೆಯ ತರಗತಿಯ ಹುಡುಗನಷ್ಟು ಎತ್ತರ, ಒಂದು ಕ್ವಿಂಟಾಲಿಗಿಂತ ಹೆಚ್ಚು ಭಾರ. ಎತ್ತಿ ಎಸೆಯುವುದು ಸುಲಭವಲ್ಲ ಎಂಬುದು ಭೀಮನಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಕಾಫಿ ಮೂಟೆ ಹೊರುವವರ ಮನೆಯ ಹುಡುಗನೊಬ್ಬ ಇದನ್ನು ಓದಿದ ತಕ್ಷಣ, ‘ಎರಡೂವರೆ ಮೂಟೆ ಆಯಿತು, ಟೀಚರ್’ ಎಂದು ಲೆಕ್ಕ ಹೇಳಿದ. ನಮ್ಮ ಕಡೆ ಕಾಫಿ ಮೂಟೆಗೆ ಐವತ್ತು ಕಿಲೊ. ಅಂಕಿಯೊಂದು ಅಷ್ಟು ಬೇಗ ಮಗುವಿನ ಹೆಗಲ ಮೇಲೆ ಬಂದು ಕುಳಿತದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ಭೀಮನು ಅವನನ್ನು ಏನೆಂದು ಕರೆಯುತ್ತಾನೆ, ಅಣ್ಣ ಎಂದೋ ತಮ್ಮ ಎಂದೋ?

ಕನ್ನಡದಂಥ ಭಾಷೆಯಲ್ಲಿ ಬರೆಯುವವರಿಗೆ ಎದುರಾಗುವ ತೊಡಕಿದು, ಮತ್ತು ನನಗೆ ಬಹಳ ಪ್ರಿಯವಾದ ಪ್ರಶ್ನೆ. ಕಥೆಯ ಪ್ರಕಾರ ಡೋರೇಮಾನ್ ತಯಾರಾಗುವುದು 2112ರ ಸೆಪ್ಟೆಂಬರ್ 3ರಂದು. ಹಾಗಾದರೆ ಅವನು ಭೀಮನಿಗಿಂತ ಎಷ್ಟೋ ತಲೆಮಾರು ಚಿಕ್ಕವನು. ಆದರೆ ನೊಬಿತಾನ ಮನೆಯಲ್ಲಿ ಅವನ ನಡವಳಿಕೆ ಹಿರಿಯನದು: ಬುದ್ಧಿ ಹೇಳುತ್ತಾನೆ, ಗದರುತ್ತಾನೆ, ಆಮೇಲೆ ತಾನೇ ಕರಗಿ ಸಹಾಯ ಮಾಡುತ್ತಾನೆ. ಒಂದು ಮಧ್ಯಾಹ್ನವಿಡೀ ಮಕ್ಕಳು ಇದರ ಮೇಲೆ ವಾದ ಮಾಡಿದರು. ಇನ್ನೂ ಹುಟ್ಟದವನನ್ನು ಅಣ್ಣ ಎನ್ನುವುದು ಹೇಗೆ ಎಂದು ಒಂದು ಕಡೆಯವರು, ಮನೆಯ ಜವಾಬ್ದಾರಿ ಹೊತ್ತವನೇ ಅಣ್ಣ ಎಂದು ಮತ್ತೊಂದು ಕಡೆಯವರು. ಕೊನೆಗೆ ಹೆಚ್ಚಿನವರು ‘ಡೋರೇಮಾನಣ್ಣ’ ಎಂದೇ ಬರೆದರು. ನಾನೂ ಅವರ ಕಡೆಗೇ ಇದ್ದೇನೆ. ನಮ್ಮ ಮನೆಗಳಲ್ಲಿ ತಮ್ಮನಾಗಿ ಹುಟ್ಟಿದರೂ ಅಣ್ಣನ ಸ್ಥಾನದಲ್ಲಿ ನಿಂತವರನ್ನು ನಾವು ಕಂಡಿದ್ದೇವಲ್ಲ.

ಅವರು ಯಾವ ಭಾಷೆಯಲ್ಲಿ ಮಾತನಾಡುತ್ತಾರೆ?

ತಿಂದರೆ ಯಾವ ಭಾಷೆಯನ್ನಾದರೂ ಅರಿತು ಆಡಬಹುದಾದ ಕೊನ್ಯಾಕು ಎಂಬ ತಿನಿಸು ಡೋರೇಮಾನ್‌ನ ಜೇಬಿನಲ್ಲಿದೆ. ಅದನ್ನು ತಿಂದ ಮೇಲೆ ಅವನ ಕನ್ನಡ ಹಾಸನದ್ದೋ ಮೂಡಿಗೆರೆಯದ್ದೋ ಎಂಬುದು ಬರೆಯುವವರ ಇಷ್ಟ.

ಬಳಗದಲ್ಲಿ ಡೋರೇಮಾನ್‌ನನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುವವರು ಯಾರು?

ಭೀಮನ ಗೆಳತಿ ಚುಟ್ಕಿ. ಈ ವಿಷಯದಲ್ಲಿ ನನಗೆ ಸಂದೇಹವಿಲ್ಲ, ಆದರೆ ಇದನ್ನು ನನಗೆ ಕಲಿಸಿದವಳು ಐದನೆಯ ತರಗತಿಯ ಒಬ್ಬ ಹುಡುಗಿ.

ಚುಟ್ಕಿಯ ತಾಯಿ ಟುನ್ ಟುನ್ ಮೌಸಿಯದು ಲಾಡಿನ ಅಂಗಡಿ. ಈ ಹುಡುಗಿಯ ತಾಯಿ ಹಬ್ಬದ ದಿನಗಳಲ್ಲಿ ಮದುವೆಮನೆಗಳಿಗೆ ಉಂಡೆ ಕಟ್ಟಿಕೊಡುವವರು, ಮಗಳು ಪಕ್ಕದಲ್ಲಿ ಕುಳಿತು ಕೈ ಜೋಡಿಸುವವಳು. ಅವಳು ಬರೆದ ಪುಟದಲ್ಲಿ ಚುಟ್ಕಿಯ ಕಣ್ಣು ಜೇಬಿನ ಕಡೆಗೆ ಹೋಗಲೇ ಇಲ್ಲ, ನೇರವಾಗಿ ಡೋರೇಮಾನ್‌ನ ಕೈಗಳ ಮೇಲೆ ಬಿತ್ತು. ಡೋರೇಮಾನ್‌ನ ಕೈಯಲ್ಲಿ ಬೆರಳುಗಳಿಲ್ಲ. ಬೆಳ್ಳಗಿನ ಎರಡು ಗುಂಡುಗಳು ಮಾತ್ರ, ಮುಟ್ಟಿದ ವಸ್ತು ಅಂಟಿಕೊಂಡಂತೆ ನಿಲ್ಲುತ್ತದೆ. ‘ಇವನ ಕೈಯೇ ಲಾಡಿನ ಹಾಗಿದೆ, ಇವನು ಲಾಡು ಕಟ್ಟುವುದು ಹೇಗೆ?’ ಎಂದು ಚುಟ್ಕಿ ಯೋಚಿಸುತ್ತಾಳೆ. ಉಂಡೆ ಕಟ್ಟುವಾಗ ಪಾಕ ಬಿಸಿಯಿರುವಾಗಲೇ ಕೈ ಹಾಕಬೇಕು, ಅಂಗೈ ತಡೆಯಬೇಕು, ಕೊನೆಯಲ್ಲಿ ಬೆರಳ ತುದಿಯಿಂದ ಸುತ್ತಲೂ ಒತ್ತಿ ಬಿರುಕು ಮುಚ್ಚಬೇಕು. ಬೆರಳಿಲ್ಲದವನಿಗೆ ಆ ಬಿರುಕು ಮುಚ್ಚಲು ಬರುವುದಿಲ್ಲ. ಚುಟ್ಕಿ ಅವನ ಎದುರಿಗೆ ಕುಳಿತು, ಅವನು ಉರುಳಿಸಿಕೊಟ್ಟ ಒಂದೊಂದೇ ಉಂಡೆಯ ಬಿರುಕನ್ನು ತಾನು ಮುಚ್ಚುತ್ತ ಹೋಗುತ್ತಾಳೆ.

ಆ ಪುಟವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಬೇಕಾದುದನ್ನೆಲ್ಲ ಜೇಬಿನಿಂದ ತೆಗೆದುಕೊಡುವವನಿಗೆ ಕೈಯಿಂದ ಮಾಡಲು ಬಾರದ ಕೆಲಸವೊಂದಿದೆ ಎಂಬುದು ಚುಟ್ಕಿಗೆ ಬಿಟ್ಟು ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಭೀಮನಿಗೆ ಹೊಳೆಯದು, ಏಕೆಂದರೆ ಅವನು ಲಾಡು ತಿನ್ನುವವನು.

ರಾಜು ಮತ್ತು ಜಗ್ಗು ಏನೆಂದುಕೊಳ್ಳುತ್ತಾರೆ?

ಬಳಗದಲ್ಲಿ ರಾಜು ತೀರಾ ಚಿಕ್ಕವನು; ತಲೆಯ ಮೇಲೆ ಇಟ್ಟುಕೊಂಡು ಹಾರುವ ಪುಟ್ಟ ರೆಕ್ಕೆಯನ್ನು ಕಂಡ ಮೇಲೆ ಅವನಿಗೆ ಬೇರೇನೂ ಬೇಡ. ಜಗ್ಗುವಿಗೆ ಮಾತ್ರ ಒಳಗೊಳಗೇ ಸ್ವಲ್ಪ ಕಸಿವಿಸಿ ಇದ್ದೀತು, ಬಳಗದಲ್ಲಿ ಮಾತನಾಡುವ ಪ್ರಾಣಿ ಈವರೆಗೆ ತಾನೊಬ್ಬನೇ ಆಗಿದ್ದನಲ್ಲ. ಇಲಿಯನ್ನು ಕಂಡು ಡೋರೇಮಾನ್ ಕಿರುಚಿಕೊಂಡು ಓಡುವವರೆಗೆ ಈ ಕಸಿವಿಸಿ ಉಳಿಯುತ್ತದೆ.

ಬೆಕ್ಕಾಗಿದ್ದೂ ಇಲಿಗೆ ಹೆದರುವವನನ್ನು ಅವರು ನಗೆಪಾಟಲು ಮಾಡುವುದಿಲ್ಲವೇ?

ಕಾರಣ ತಿಳಿಯುವವರೆಗೆ ನಕ್ಕಾರು. ಇಪ್ಪತ್ತೆರಡನೆಯ ಶತಮಾನದಲ್ಲಿ ಇಲಿಯ ರೂಪದ ಯಂತ್ರವೊಂದು ಡೋರೇಮಾನ್‌ನ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಅವನ ತಲೆ ಅಷ್ಟು ನುಣ್ಣಗಿರುವುದು ಆ ಕಾರಣಕ್ಕೆ. ಅದನ್ನು ಕೇಳಿದ ಮೇಲೆ ಧೋಲಕ್‌ಪುರದವರು ನಗುವುದಿಲ್ಲ. ನಮ್ಮ ಮಕ್ಕಳ ಬರಹಗಳಲ್ಲಿ ಇಲ್ಲಿ ಗಣಪತಿ ಬರುತ್ತಾನೆ, ಇಲಿ ಅವನ ವಾಹನ, ಅದನ್ನು ಕೊಲ್ಲಬಾರದು ಎಂಬ ಮಾತು ಬರುತ್ತದೆ. ಆಗ ಭೀಮನು ಇಲಿಯನ್ನು ಬೊಗಸೆಯಲ್ಲಿ ಹಿಡಿದು ಊರ ಹೊರಗಿನ ಗದ್ದೆಯಲ್ಲಿ ಬಿಟ್ಟು ಬರುತ್ತಾನೆ. ಅವನ ತೋಳ್ಬಲದ ಇಷ್ಟು ಚಿಕ್ಕ, ಇಷ್ಟು ಒಳ್ಳೆಯ ಉಪಯೋಗವನ್ನು ನಾನು ಬೇರೆಲ್ಲೂ ಓದಿಲ್ಲ.

ಲಾಡಿಗೂ ಡೋರಯಾಕಿಗೂ ಏನು ವ್ಯತ್ಯಾಸ?

ಡೋರಯಾಕಿ ಎಂದರೆ ಎರಡು ಪುಟ್ಟ ಸಿಹಿ ದೋಸೆಗಳ ನಡುವೆ ಬೇಯಿಸಿ ಅರೆದ ಕೆಂಪು ಕಾಳಿನ ಸಿಹಿ ಹೂರಣ. ಹೋಳಿಗೆ ಬಲ್ಲ ನಾಡಿನಲ್ಲಿ ಇದನ್ನು ವಿವರಿಸಲು ಕಷ್ಟವಿಲ್ಲ. ವ್ಯತ್ಯಾಸವಿರುವುದು ತಿಂದ ಮೇಲೆ. ಲಾಡು ತಿಂದ ಭೀಮನಿಗೆ ಬಲ ಬರುತ್ತದೆ, ಡೋರಯಾಕಿ ತಿಂದ ಡೋರೇಮಾನ್‌ಗೆ ಸಂತೋಷವಾಗುತ್ತದೆ, ಅಷ್ಟೇ. ಬಲ ಬಾರದಿದ್ದರೂ ಇಷ್ಟು ಆಸೆಪಟ್ಟು ತಿನ್ನುವುದೇಕೆ ಎಂದು ಭೀಮನು ಮೊದಲಿಗೆ ಬೆರಗಾಗುತ್ತಾನೆ. ಆಮೇಲೆ, ಶತ್ರುಗಳಾರೂ ಇಲ್ಲದ ಒಂದು ಸಂಜೆ ಸುಮ್ಮನೆ ಕುಳಿತು ಲಾಡು ತಿಂದು ನೋಡುತ್ತಾನೆ.

ಭೀಮನೊಡನೆ ಸದಾ ಪೈಪೋಟಿಗಿಳಿಯುವ ಕಾಲಿಯಾನಿಗೆ ಆ ಜೇಬು ಸಿಕ್ಕರೆ?

ಕದಿಯುವ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ಅವನ ಜೊತೆಗಾರರಾದ ಧೋಲು ಭೋಲು ಕಾವಲು ನಿಲ್ಲುತ್ತಾರೆ, ಕಾಲಿಯಾ ಕೈ ಹಾಕುತ್ತಾನೆ, ತಪ್ಪಾದ ವಸ್ತು ಹೊರಬರುತ್ತದೆ. ಅದು ಚೆನ್ನಾಗಿಯೇ ಇರುತ್ತದೆ. ಆದರೆ ಕಾಲಿಯಾನ ಕಣ್ಣಿನಿಂದ ನೋಡುವುದಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನೊಬಿತಾನ ಊರಿನಲ್ಲಿ ಜಿಯಾನ್ ಎಂಬ ದಾಂಡಿಗ ಹುಡುಗನಿದ್ದಾನೆ. ಕಾಲಿಯಾನಿಗೂ ಅವನಿಗೂ ಬಹಳ ಹೋಲಿಕೆ. ಸೋತ ನೊಬಿತಾನಿಗೆಂದು ಮುಂದಿನ ಶತಮಾನದಿಂದ ಒಬ್ಬ ಜೊತೆಗಾರನನ್ನು ಕಳುಹಿಸಿದರಲ್ಲ, ಪ್ರತಿದಿನ ಭೀಮನ ಕೈಯಲ್ಲಿ ಸೋಲುವ ತನಗೆ ಯಾರೂ ಏಕೆ ಬರಲಿಲ್ಲ ಎಂದು ಕಾಲಿಯಾ ಕೇಳಿದರೆ, ಅದಕ್ಕೆ ಭೀಮನ ಬಳಿ ಏನು ಉತ್ತರವಿದೆ? ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟ ದಿನ ಕೊಠಡಿ ಸ್ವಲ್ಪ ಹೊತ್ತು ನಿಶ್ಶಬ್ದವಾಗಿತ್ತು.

ಕಷ್ಟಪಡದೆ ಎಲ್ಲವನ್ನೂ ಜೇಬಿನಿಂದ ಪಡೆಯುವ ನೊಬಿತಾನನ್ನು ಕಂಡು ಭೀಮನು ‘ಡೋರೇಮಾನ್ ಇವನನ್ನು ಹಾಳುಮಾಡಿದ’ ಎನ್ನುವುದಿಲ್ಲವೇ?

ತಂದೆತಾಯಿಯರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅವರ ಆತಂಕ ನ್ಯಾಯವಾದುದು. ಭೀಮನಿಗೂ ಮೊದಲು ಹಾಗೆಯೇ ಅನ್ನಿಸುತ್ತದೆ ಎಂದು ನಾನು ನಂಬುತ್ತೇನೆ.

ಆದರೆ ಕಥೆಯನ್ನು ಗಮನವಿಟ್ಟು ನೋಡಬೇಕು. ನೊಬಿತಾನ ಮೊಮ್ಮಗನ ಮೊಮ್ಮಗನಾದ ಸೆವಾಶಿ ಡೋರೇಮಾನ್‌ನನ್ನು ಕಳುಹಿಸುವುದು ಸಾಲದ ಕಾರಣಕ್ಕೆ. ನೊಬಿತಾ ದೊಡ್ಡವನಾದ ಮೇಲೆ ಮಾಡಿದ ಸಾಲ ಸೆವಾಶಿಯ ಕಾಲಕ್ಕೂ ತೀರಿರುವುದಿಲ್ಲ. ತಾತನ ಕಾಲದ ಸಾಲ ಮೊಮ್ಮಕ್ಕಳ ತಲೆಯ ಮೇಲೆ ಕೂರುವುದೆಂದರೇನು ಎಂಬುದನ್ನು ನಮ್ಮ ರೈತರ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಡೋರೇಮಾನ್‌ನ ಕೆಲಸ ನೊಬಿತಾನ ಆಸೆ ಪೂರೈಸುವುದಲ್ಲ, ಅವನನ್ನು ತಿದ್ದುವುದು. ಆ ವಸ್ತುಗಳಾದರೂ ನೊಬಿತಾನ ಕೈಯಲ್ಲಿ ಎಷ್ಟು ಸಲ ಕೆಲಸಕ್ಕೆ ಬಂದಿವೆ? ಪುಸ್ತಕದ ಪುಟದ ಮೇಲೆ ಒತ್ತಿ ತಿಂದರೆ ಪಾಠವೆಲ್ಲ ನೆನಪಿನಲ್ಲಿ ಉಳಿಯುವ ಬ್ರೆಡ್ಡಿನ ಕಥೆಯಲ್ಲಿ, ಅವನು ಮಿತಿಮೀರಿ ತಿಂದು, ಹೊಟ್ಟೆ ಕೆಟ್ಟು, ಕಲಿತದ್ದನ್ನೆಲ್ಲ ಕಳೆದುಕೊಳ್ಳುತ್ತಾನೆ. ನಮ್ಮಲ್ಲಿ ಒಬ್ಬ ಹುಡುಗ ಅಯ್ಯಂಗಾರ್ ಬೇಕರಿಯ ಬ್ರೆಡ್ಡನ್ನು ಸಮಾಜ ವಿಜ್ಞಾನದ ಪುಟಕ್ಕೆ ಒತ್ತಿ ನೋಡಿದ್ದ. ಬೆಣ್ಣೆ ಸವರಿದ ಬ್ರೆಡ್ಡಾದ್ದರಿಂದ ಪುಟದ ಮೇಲೆ ಚೌಕಾಕಾರದ ಎಣ್ಣೆಗಲೆ ಉಳಿಯಿತು. ಅದರ ಮೂಲಕ ಹಿಂದಿನ ಪುಟದ ಅಕ್ಷರಗಳು ಈಗಲೂ ತಿರುಗುಮುರುಗಾಗಿ ಕಾಣುತ್ತವೆ.

ಭೀಮನ ಮನಸ್ಸು ಬದಲಾಗುವುದು ವಿದಾಯದ ಕಥೆ ಕೇಳಿದ ಮೇಲೆ. 2014ರ ಚಲನಚಿತ್ರದಲ್ಲಿಯೂ ಬಂದಿರುವ ಆ ಪ್ರಸಂಗದಲ್ಲಿ ಡೋರೇಮಾನ್ ತನ್ನ ಕಾಲಕ್ಕೆ ಹಿಂದಿರುಗಬೇಕಾಗಿದೆ. ತಾನು ಒಬ್ಬನೇ ನಿಭಾಯಿಸಬಲ್ಲೆ ಎಂದು ತಿಳಿಯದಿದ್ದರೆ ಅವನು ನಿಶ್ಚಿಂತೆಯಿಂದ ಹೊರಡಲಾರ ಎಂದು ನೊಬಿತಾ ರಾತ್ರಿಯಲ್ಲಿ ಜಿಯಾನ್‌ನ ಜೊತೆ ಹೋರಾಡುತ್ತಾನೆ. ಯಾವ ಉಪಕರಣವೂ ಅವನ ಕೈಯಲ್ಲಿಲ್ಲ. ಏಟು ತಿಂದು ಬೀಳುತ್ತಾನೆ, ಎದ್ದು ಮತ್ತೆ ಹಿಡಿದುಕೊಳ್ಳುತ್ತಾನೆ, ಮತ್ತೆ ಬೀಳುತ್ತಾನೆ. ಕೊನೆಗೆ ಬೇಸತ್ತು ಸೋಲೊಪ್ಪಿ ಹೋಗುವವನು ಜಿಯಾನ್. ಡೋರೇಮಾನ್ ಬಂದು ಗಾಯಗೊಂಡ ಹುಡುಗನನ್ನು ಮನೆಗೆ ಕರೆದೊಯ್ಯುತ್ತಾನೆ.

ಭೀಮನು ಎಷ್ಟೋ ಕಾಳಗಗಳನ್ನು ಗೆದ್ದಿದ್ದಾನೆ, ಆದರೆ ಇಂಥ ಕಾಳಗವನ್ನು ಮಾಡಿದವನಲ್ಲ. ಗೆಲ್ಲುವುದು ಖಚಿತವಿಲ್ಲದವನು, ಲಾಡು ತಿನ್ನದವನು, ಮತ್ತೊಬ್ಬನ ಮನಸ್ಸಿಗೆ ನೆಮ್ಮದಿಯಾಗಲೆಂದು ಹೊಡೆತ ತಿಂದು ನಿಂತನಲ್ಲ, ಅವನನ್ನು ಹಾಗೆ ನಿಲ್ಲುವಂತೆ ಬೆಳೆಸಿದವನು ಯಾರು ಎಂದು ಅವನು ಡೋರೇಮಾನ್‌ನ ಕಡೆಗೆ ತಿರುಗಿ ನೋಡುತ್ತಾನೆ. ಆಗಿನಿಂದ ಅವನ ನೋಟವೇ ಬೇರೆ. ತನ್ನ ಸಾಹಸಗಳೆಲ್ಲ ಒಂದೊಂದು ದಿನಕ್ಕೆ ಮುಗಿಯುತ್ತವೆ, ಈ ನೀಲಿ ಬೆಕ್ಕಿನದು ಪ್ರತಿ ಬೆಳಗ್ಗೆ ಮೊದಲಿನಿಂದ ಶುರುವಾಗುವ ಕೆಲಸ ಎಂಬುದು ಅವನಿಗೆ ಕಾಣುತ್ತದೆ.

ಹಾಗಾದರೆ ಇಬ್ಬರೂ ಎದುರಾಳಿಗಳಾದರೆ ಗೆಲ್ಲುವವರು ಯಾರು?

ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿ ಎತ್ತರ ನಿಂತಿರುವ ಬಾಹುಬಲಿ, ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಎತ್ತಿ ಹಿಡಿದ ಮೇಲೂ ನೆಲಕ್ಕೆ ಅಪ್ಪಳಿಸದೆ ಇಳಿಸಿದವನು. ಅದನ್ನು ನೋಡಿಕೊಂಡು ಬೆಳೆದ ಮಕ್ಕಳಿಗೆ ಈ ಪ್ರಶ್ನೆಯಲ್ಲಿ ಹೆಚ್ಚು ಹೊತ್ತು ಆಸಕ್ತಿ ಉಳಿಯುವುದಿಲ್ಲ.

ಇವರೆಲ್ಲ ಹಾಸನಕ್ಕೆ ಬಂದರೆ ಏನೇನು ನೋಡುತ್ತಾರೆ?

ಮಕ್ಕಳ ಬರಹಗಳಲ್ಲಿ ಅವರು ಬಾರದ ಜಾಗವಿಲ್ಲ. ಸಾಲಗಾಮೆ ರಸ್ತೆಯ ಎಂಸಿಎಫ್‌ಗೆ, ಅಂದರೆ 1982ರಲ್ಲಿ ಆರಂಭವಾದ, ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರಕ್ಕೆ ಡೋರೇಮಾನ್ ತಪ್ಪದೆ ಹೋಗುತ್ತಾನೆ. ಆ ದೊಡ್ಡ ಬಿಳಿ ಆಂಟೆನಾಗಳನ್ನು ಕಂಡು ‘ನಮ್ಮ ಹಿರಿಯರು’ ಎಂದು ಕೈಮುಗಿಯುತ್ತಾನೆ ಎಂದು ಒಬ್ಬಳು ಬರೆದಿದ್ದಳು. ಸಕಲೇಶಪುರ, ಆಲೂರಿನ ಕಡೆಯ ಮಕ್ಕಳ ಕಥೆಗಳಲ್ಲಿ ಕಾಡಾನೆ ಬಂದೇ ಬರುತ್ತದೆ. ಅಲ್ಲಿ ಭೀಮನು ಆನೆಯೊಡನೆ ಸೆಣಸುವುದಿಲ್ಲ. ಆನೆಗೆ ಕೊನ್ಯಾಕು ತಿನ್ನಿಸಿ ಏನು ಬೇಕೆಂದು ಡೋರೇಮಾನ್ ಕೇಳುತ್ತಾನೆ, ಆನೆ ತಾನು ಮೊದಲು ನಡೆಯುತ್ತಿದ್ದ ದಾರಿ ಎಲ್ಲಿ ಹೋಯಿತು ಎಂದು ಕೇಳುತ್ತದೆ. ಮುಂದಕ್ಕೆ ಏನು ಬರೆಯಬೇಕೆಂದು ಆ ಮಕ್ಕಳಿಗೂ ತಿಳಿದಿರಲಿಲ್ಲ, ನನಗೂ ತಿಳಿಯಲಿಲ್ಲ.

ಹಳೇಬೀಡಿನ ಭೇಟಿಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಬೇಲೂರು ಮತ್ತು ಸೋಮನಾಥಪುರದ ದೇಗುಲಗಳೊಂದಿಗೆ ಹಳೇಬೀಡಿನ ಹೊಯ್ಸಳೇಶ್ವರ ದೇಗುಲವೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಹೊರಗೋಡೆಯ ಸುತ್ತ ಒಂದರ ಮೇಲೊಂದರಂತೆ ಕೆತ್ತನೆಯ ಪಟ್ಟಿಕೆಗಳಿವೆ. ಅವುಗಳಲ್ಲಿ ಕುದುರೆಗಳು, ಬಳ್ಳಿಗಳು, ರಾಮಾಯಣ ಮಹಾಭಾರತದ ಪ್ರಸಂಗಗಳು. ಎಲ್ಲಕ್ಕಿಂತ ಕೆಳಗಿನದು ಸಾಲಾನೆಗಳ ಪಟ್ಟಿಕೆ. ಏಳನೆಯ ತರಗತಿಯ ಹುಡುಗನೊಬ್ಬನ ಬರಹದಲ್ಲಿ ರಾಜು ಮತ್ತು ಭೀಮ ಮೇಲಿನ ಪಟ್ಟಿಕೆಗಳಲ್ಲಿ ಯುದ್ಧಗಳನ್ನು ಹುಡುಕುತ್ತ ಮುಂದೆ ಮುಂದೆ ಹೋಗುತ್ತಾರೆ. ಗಿಡ್ಡನಾದ ಡೋರೇಮಾನ್‌ಗೆ ಕಣ್ಣೆತ್ತರಕ್ಕೆ ಸಿಗುವುದು ಕೆಳಗಿನ ಆನೆಗಳೇ. ಅವನು ಅಲ್ಲಿಯೇ ನಿಂತುಬಿಡುತ್ತಾನೆ. ಹಿಂದಿರುಗಿ ಬಂದ ಭೀಮನು ಆನೆಗಳನ್ನೂ, ಅವುಗಳ ಮುಂದೆ ನಿಂತ ಗೆಳೆಯನನ್ನೂ ಒಟ್ಟಿಗೆ ನೋಡುತ್ತಾನೆ. ಮೇಲಿನ ವೀರರ ಭಾರವನ್ನೆಲ್ಲ ಹೊತ್ತವರು ಇವರು ಎಂಬುದು ಆಗ ಅವನಿಗೆ ಗೊತ್ತಾಗುತ್ತದೆ. ಆ ಹುಡುಗ ಶಾಲೆಯ ಪ್ರವಾಸದಲ್ಲಿ ಆ ಗೋಡೆಯನ್ನು ಒಂದೇ ಸಲ ನೋಡಿದ್ದನಂತೆ.

ಇದೆಲ್ಲ ಕಾಲಹರಣವಲ್ಲವೇ? ಒಳ್ಳೆಯ ಪ್ರಬಂಧ ಬರೆಯುವುದನ್ನು ಕಲಿಸಬಾರದೇ?

ಈ ಮಾತು ನನಗೆ ನೋವು ತಂದಿದೆ. ಉಂಡೆ ಕಟ್ಟುವ ಪುಟವನ್ನು ನಾನು ಒಂದು ಸ್ಪರ್ಧೆಗೆ ಕಳುಹಿಸಿದ್ದೆ. ಕಾರ್ಟೂನುಗಳ ವಿಷಯವನ್ನು ಪರಿಗಣಿಸುವುದಿಲ್ಲ ಎಂದು ಅದನ್ನು ಓದದೆಯೇ ಹಿಂದಿರುಗಿಸಿದರು. ಆ ಹುಡುಗಿಗೆ ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ ನಾನು ಎರಡು ದಿನ ಸುಮ್ಮನಿದ್ದೆ. ತನ್ನ ಕಣ್ಣನ್ನು ಬಿಟ್ಟು ಬೇರೆಯವರ ಕಣ್ಣಿನಿಂದ ಮೂರನೆಯವರನ್ನು ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆಯುವುದು ಕಠಿಣವಾದ ಕೆಲಸ. ಪರಿಸರ ಮಾಲಿನ್ಯದ ಮೇಲೆ ಬಾಯಿಪಾಠ ಮಾಡಿದ ಪ್ರಬಂಧದಲ್ಲಿ ಆ ಕೆಲಸ ನಡೆಯುವುದಿಲ್ಲ.

ಮಗು ಬರೆಯಲು ಕುಳಿತಾಗ ಮೊದಲು ಏನು ಮಾಡಬೇಕು?

ನೋಡುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ‘ಎಲ್ಲರೂ ನೋಡಿದರು’ ಎಂದು ಬರೆದರೆ ಯಾರೂ ನೋಡಿದಂತಾಗುವುದಿಲ್ಲ. ಅವರು ದಿನವೂ ಮಾಡುವ ಕೆಲಸವೇನು ಎಂದು ಯೋಚಿಸಬೇಕು, ಏಕೆಂದರೆ ಕಣ್ಣು ಮೊದಲು ಹೋಗುವುದು ಆ ಕೆಲಸದ ಕಡೆಗೇ. ಉಳಿದದ್ದು ಬರೆಯುತ್ತ ಬರೆಯುತ್ತ ಬರುತ್ತದೆ.

ಕಥೆಯನ್ನು ಎಲ್ಲಿಗೆ ಮುಗಿಸುವುದು?

ಕಾಲಯಂತ್ರ ಹೊರಟಿತು, ಎಲ್ಲರೂ ಕೈಬೀಸಿದರು ಎಂದು ಮುಗಿಸುವವರೇ ಹೆಚ್ಚು. ಬೇರೆ ರೀತಿಯಲ್ಲಿ ಮುಗಿಸಿದವನೊಬ್ಬನಿದ್ದಾನೆ. ಅವನ ಕಥೆಯಲ್ಲಿ ಹೊರಡುವವರು ಭೀಮನ ಬಳಗದವರು, ಹೋಗುವುದು ನೊಬಿತಾನ ಮನೆಗೆ. ಡೋರೇಮಾನ್ ಮಲಗುವುದು ನೊಬಿತಾನ ಕೋಣೆಯ ಗೋಡೆಯ ಕಪಾಟಿನೊಳಗೆ. ರಾತ್ರಿ ಎಲ್ಲರೂ ನಿದ್ದೆ ಹೋದ ಮೇಲೆ ಭೀಮನು ಎದ್ದು, ಸದ್ದಾಗದಂತೆ ಕಪಾಟಿನ ಬಾಗಿಲು ಸರಿಸಿ, ಗೇಣು ಹಾಕಿ ಒಳಗಿನ ಜಾಗವನ್ನು ಅಳೆಯುತ್ತಾನೆ, ಡೋರೇಮಾನ್‌ಗೆ ಕಾಲು ಚಾಚಿಕೊಳ್ಳಲು ಆಗುತ್ತದೆಯೇ ಎಂದು.